ಮಗುವಿನ ಚಿತ್ರವನ್ನು ಬಟ್ಟೆ ಮೇಲೆ ಹೊಲಿಯಲು ಯಾವ ಟ್ರೇಸಿಂಗ್, ಯಾವ ಬಟ್ಟೆ, ಯಾವ ಹೊಲಿಗೆ?

ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅವಳ ಅಜ್ಜಿ, ಅಂದರೆ ನಮ್ಮತ್ತೆ, ಜೋಳದ ರೊಟ್ಟಿ ಬಡಿಯುವ ಚಿತ್ರ ಬರೆದಿದ್ದಳು. ಹಿಂದೆ ಬಳ್ಳಾರಿಯ ಕೋಟೆ ಗುಡ್ಡ, ಮುಂದೆ ಒಲೆ, ಗುಡ್ಡಕ್ಕಿಂತ ದೊಡ್ಡ ಅಜ್ಜಿ. ಅಜ್ಜಿಯ ಬಲಗೈ ಪಕ್ಕದಲ್ಲಿ ಆರು ಚಿಕ್ಕ ಗೆರೆ ಇದ್ದವು. ಬೆರಳು ಜಾಸ್ತಿ ಬರೆದಿದ್ದಾಳೆ ಅಂದುಕೊಂಡು ಟ್ರೇಸ್ ಮಾಡುವಾಗ ನಾನು ಅವನ್ನು ಬಿಟ್ಟುಬಿಟ್ಟೆ. ಹತ್ತು ದಿನ ರಾತ್ರಿ ಊಟ ಆದ ಮೇಲೆ ಕೂತು ಹೊಲಿದೆ. ತೊಳೆದು, ಇಸ್ತ್ರಿ ಮಾಡಿ ಕೈಗೆ ಕೊಟ್ಟರೆ ಅವಳು ಬಟ್ಟೆ ಮೇಲೆ ಬೆರಳಾಡಿಸುತ್ತಾ ಏನೋ ಹುಡುಕಿದಳು.

“ಅಮ್ಮಾ, ಸಪ್ಪಳ ಎಲ್ಲಿ?”

ಆ ಆರು ಗೆರೆ ಬೆರಳಲ್ಲ. ರೊಟ್ಟಿ ಬಡಿಯುವ ಸಪ್ಪಳ.

ಅವತ್ತಿನಿಂದ ಬಟ್ಟೆ ಆರಿಸುವಾಗಲೂ, ಹೊಲಿಗೆ ಆರಿಸುವಾಗಲೂ ನಾನು ಮೊದಲು ನೋಡುವುದು ಒಂದನ್ನೇ. ಮಗು ಎಳೆದ ಗೆರೆ ಹಾಗೇ ಉಳಿಯುತ್ತಾ, ಇಲ್ಲ ನನ್ನ ಕೈಗೆ ಸಿಕ್ಕಿ ತಿದ್ದಿಹೋಗುತ್ತಾ? ಕೆಳಗೆ ಹೇಳಿರುವ ಎಲ್ಲ ಹೋಲಿಕೆಗೂ ಇದೇ ಅಳತೆ. ಅಂದವಾಗಿ, ನೀಟಾಗಿ ಕಾಣುವ ಕೆಲಸವೇ ಬೇಕು ಅನ್ನುವವರಿಗೆ ನನ್ನ ಕೆಲವು ಮಾತು ಒಪ್ಪಿಗೆ ಆಗದಿರಬಹುದು.

ಸೂಜಿ ಹಿಡಿಯುವ ಮುಂಚೆ

ಪೆನ್ಸಿಲ್ ಅಥವಾ ಸ್ಕೆಚ್ ಪೆನ್ನಿನ ಚಿತ್ರ ಹೊಲಿಯಲು ಸುಲಭ. ಗೆರೆ ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಕಣ್ಣಿಗೆ ಕಾಣುತ್ತದೆ. ಕ್ರೇಯಾನ್ ಚಿತ್ರಕ್ಕೆ ದಪ್ಪ ದಾರ ಬೇಕು, ಆದರೆ ಮಗುವಿನ ಕೈಯ ಒತ್ತು ಅದರಲ್ಲೇ ಚೆನ್ನಾಗಿ ಕಾಣುವುದು. ವಾಟರ್ ಕಲರ್ ಚಿತ್ರದಲ್ಲಿ ಗೆರೆಯೇ ಇರುವುದಿಲ್ಲ, ಬಣ್ಣ ಹರಿದಿರುತ್ತದೆ. ಮೊದಲ ಸಲಕ್ಕೆ ಅದನ್ನು ಆರಿಸಬೇಡಿ.

ಮೂಲ ಚಿತ್ರದ ಮೇಲೆ ಯಾವತ್ತೂ ಕೆಲಸ ಮಾಡಬೇಡಿ. ಎರಡು ಜೆರಾಕ್ಸ್ ತೆಗೆಸಿ. ಬೇಕಾದ ಸೈಜಿಗೆ ಅಂಗಡಿಯವರೇ ದೊಡ್ಡದು ಚಿಕ್ಕದು ಮಾಡಿಕೊಡುತ್ತಾರೆ. ನನ್ನ ಕೈಗೆ ಹೊಂದುವ ಸೈಜು ಒಂದು ಗೇಣಿನಷ್ಟು. ಅದಕ್ಕಿಂತ ಚಿಕ್ಕದಾದರೆ ಕಣ್ಣು, ಬೆರಳು ಎಲ್ಲ ಒಂದರ ಮೇಲೊಂದು ಬೀಳುತ್ತವೆ.

ಒಂದು ಜೆರಾಕ್ಸ್ ಹಿಡಿದುಕೊಂಡು ಮಗುವಿನ ಪಕ್ಕ ಕೂತುಕೊಳ್ಳಿ. “ಇದೇನು, ಇದೇನು” ಅಂತ ಒಂದೊಂದು ಗೆರೆಯನ್ನೂ ಕೇಳಿ, ಅವರು ಹೇಳಿದ್ದನ್ನು ಅಲ್ಲೇ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಹತ್ತು ನಿಮಿಷದ ಕೆಲಸ. ಬಾಲ ಅಂದುಕೊಂಡಿದ್ದು ದಾರಿ ಆಗಿರುತ್ತದೆ, ಮಸಿ ಅಂದುಕೊಂಡಿದ್ದು ಇರುವೆ ಆಗಿರುತ್ತದೆ. ಅಕ್ಷರಗಳನ್ನೂ ಮುಟ್ಟಬೇಡಿ. ನನ್ನ ಮಗಳು “ಅಜ್ಜಿ” ಅಂತ ಬರೆಯುವಾಗ ಒತ್ತಕ್ಷರ ಬಿಟ್ಟು “ಅಜಿ” ಅಂತ ಬರೆದಿದ್ದಳು. ಅದನ್ನು ಹಾಗೇ ಹೊಲಿದೆ. ಮುಂದಿನ ವರ್ಷ ಅವಳು ಸರಿಯಾಗಿ ಬರೆಯುತ್ತಾಳೆ, ಆದರೆ ಆ ವಯಸ್ಸಿನ ಬರಹ ಮತ್ತೆ ಸಿಗುವುದಿಲ್ಲ.

ಚಿತ್ರವನ್ನು ಬಟ್ಟೆಗೆ ಇಳಿಸುವುದು

ಅರ್ಧ ಕೆಲಸ ಇಲ್ಲೇ ಗೆಲ್ಲುತ್ತದೆ ಅಥವಾ ಇಲ್ಲೇ ಕೆಡುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಸುಲಭ, ಖರ್ಚಿಲ್ಲದ್ದು ಕಿಟಕಿ ಗಾಜು. ಗಾಜಿಗೆ ಜೆರಾಕ್ಸ್ ಅಂಟಿಸಿ, ಅದರ ಮೇಲೆ ಬಟ್ಟೆ ಅಂಟಿಸಿ, ಹಿಂದಿನ ಬೆಳಕಿನಲ್ಲಿ ಗೆರೆ ಕಾಣುವುದನ್ನು ನೋಡಿ ಎಳೆಯುವುದು. ನಮ್ಮೂರಲ್ಲಿ ಬಿಸಿಲಿಗೆ ಬರವಿಲ್ಲ, ಬೆಳಗ್ಗೆ ಎಂಟು ಗಂಟೆಗೇ ಬೇಕಾದಷ್ಟು ಬೆಳಕಿರುತ್ತದೆ. ಬಿಳಿ, ತಿಳಿಬಣ್ಣದ ತೆಳು ಕಾಟನ್‌ಗೆ ಇದೇ ಸಾಕು. ನಿಂತು ಎಳೆಯುವಾಗ ಕೈ ಸೋಲುತ್ತದೆ, ಸೋತ ಕೈ ಗೆರೆಯನ್ನು ನೇರ ಮಾಡುತ್ತದೆ. ಹಾಗಾಗಿ ನಡುನಡುವೆ ಕೈ ಇಳಿಸಿ.

ಕಾರ್ಬನ್ ಪೇಪರ್‌ನಲ್ಲಿ ಎರಡು ಬಗೆ. ಬಿಲ್ ಬರೆಯಲು ಬಳಸುವ ಕಪ್ಪು, ನೀಲಿ ಕಾರ್ಬನ್ ಮನೆಯಲ್ಲಿದೆ ಅಂತ ತೆಗೆಯಬೇಡಿ. ಅದರಲ್ಲಿ ಮೇಣ, ಎಣ್ಣೆ ಇರುತ್ತದೆ, ಕೈ ಒರಗಿದಲ್ಲೆಲ್ಲ ಮಸಿ ಹತ್ತುತ್ತದೆ, ತೊಳೆದರೆ ಪೂರ್ತಿ ಹೋಗುವುದಿಲ್ಲ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಬಟ್ಟೆಗೆ ಅಂತಲೇ ಹಳದಿ, ಬಿಳಿ, ಕೆಂಪು ಕಾರ್ಬನ್ ಸಿಗುತ್ತದೆ. ಅದನ್ನು ಕೇಳಿ. ಜೀನ್ಸ್, ಕಡುಬಣ್ಣದ ಬಟ್ಟೆಗಳಿಗೆ ಕಿಟಕಿ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಬಿಳಿ ಅಥವಾ ಹಳದಿ ಕಾರ್ಬನ್ನೇ ಗತಿ. ಒಂದು ತೊಂದರೆ ಇದೆ. ಕಾರ್ಬನ್ ಗೆರೆ ಹೊಲಿಯುತ್ತಾ ಹೊಲಿಯುತ್ತಾ ಉಜ್ಜಿಹೋಗುತ್ತದೆ. ಎರಡು ದಿನದಲ್ಲಿ ಮುಗಿಯದ ಕೆಲಸವಾದರೆ ಅದರ ಮೇಲೆ ಬಿಳಿ ಪೆನ್ಸಿಲ್‌ನಿಂದ ಒಮ್ಮೆ ತೀಡಿಕೊಳ್ಳಿ.

ಮೂರನೆಯದು ಸೀರೆ ಎಂಬ್ರಾಯಿಡರಿ ಮಾಡುವವರ ಹಳೆಯ ವಿಧಾನ. ಬಟರ್ ಪೇಪರ್ ಮೇಲೆ ಚಿತ್ರ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಆ ಹಾಳೆಯನ್ನು ಬಟ್ಟೆ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿಯನ್ನೋ ಬಿಳಿ ಜಿಂಕ್ ಪುಡಿಯನ್ನೋ ಬಟ್ಟೆಯುಂಡೆಯಿಂದ ಒರೆಸುವುದು. ತೂತಿನಿಂದ ಚುಕ್ಕಿ ಚುಕ್ಕಿಯಾಗಿ ಕೆಳಗಿಳಿಯುತ್ತದೆ. ಬಿಳಿ ಬಟ್ಟೆಗೆ ನೀಲಿ, ಕಪ್ಪು ಬಟ್ಟೆಗೆ ಜಿಂಕ್. ಒಂದೇ ಚಿತ್ರವನ್ನು ನಾಲ್ಕೈದು ಕಡೆ ಹೊಲಿಯಬೇಕಾದರೆ ಇದಕ್ಕಿಂತ ಒಳ್ಳೆಯದಿಲ್ಲ, ಹಾಳೆ ವರ್ಷಗಟ್ಟಲೆ ಬರುತ್ತದೆ. ಒಂದೇ ಒಂದು ಚಿತ್ರಕ್ಕೆ ಇಷ್ಟು ಗೋಜು ಬೇಡ. ಮಾಡುವುದಾದರೆ ಒಲೆ, ದೀಪದಿಂದ ದೂರ ಕೂತು ಮಾಡಿ, ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

ನಾಲ್ಕನೆಯದು ನೀರಲ್ಲಿ ಕರಗುವ ಅಂಟು ಹಾಳೆ. ಅದರ ಮೇಲೆ ಚಿತ್ರ ಎಳೆದು, ಸ್ಟಿಕರ್ ಥರ ಬಟ್ಟೆಗೆ ಅಂಟಿಸಿ, ಹಾಳೆ ಸಮೇತ ಹೊಲಿದು, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಕರಗಿಹೋಗುತ್ತದೆ. ಆನ್‌ಲೈನ್‌ನಲ್ಲಿ ತರಿಸಬೇಕು, ಬೆಲೆ ಜಾಸ್ತಿ, ಸೂಜಿ ಅಂಟಂಟಾಗುತ್ತದೆ. ಆದರೆ ಟೀ ಶರ್ಟಿಗೆ, ಜೀನ್ಸ್ ಜೇಬಿಗೆ ಇದರಷ್ಟು ಸಲೀಸಾದ್ದು ನಾನು ನೋಡಿಲ್ಲ. ಇನ್ನೊಂದು ಲಾಭವೂ ಇದೆ. ಟ್ರೇಸ್ ಮಾಡುವ ಕೆಲಸವನ್ನೇ ಮಗುವಿಗೆ ಕೊಡಬಹುದು. ತನ್ನ ಚಿತ್ರದ ಮೇಲೆ ಹಾಳೆ ಇಟ್ಟು ತಾನೇ ಎಳೆದುಕೊಡುತ್ತದೆ, ನಡುವೆ ನಮ್ಮ ಕೈ ಬರುವುದೇ ಇಲ್ಲ.

ಹಾಗಾದರೆ ನೇರವಾಗಿ ಬಟ್ಟೆಯ ಮೇಲೇ ಮಗುವಿನಿಂದ ಬರೆಸಿದರೆ ಆಗಲ್ವಾ? ಆಗುತ್ತದೆ. ನಾಲ್ಕೈದು ವರ್ಷದ ಮಕ್ಕಳಿಗೆ ಇದು ತುಂಬಾ ಚೆನ್ನಾಗಿ ಒಗ್ಗುತ್ತದೆ. ಬಟ್ಟೆಯನ್ನು ಎಕ್ಸಾಂ ಪ್ಯಾಡಿಗೆ ಬಿಗಿಯಾಗಿ ಟೇಪ್ ಹಾಕಿ ಕೊಡಿ, ಇಲ್ಲದಿದ್ದರೆ ಪೆನ್ಸಿಲ್ ಜೊತೆ ಬಟ್ಟೆಯೂ ಎಳೆದುಕೊಂಡು ಬರುತ್ತದೆ. ಶಾಲೆಗೆ ಹೋಗುವ ಮಕ್ಕಳು ಮಾತ್ರ ಬಟ್ಟೆ ನೋಡಿದರೆ ಹೆದರುತ್ತಾರೆ. ಹಾಳಾದರೆ ಅಮ್ಮ ಬೈತಾಳೆ ಅಂತ ಮೂಲೆಯಲ್ಲಿ ಚಿಕ್ಕದಾಗಿ ಒಂದು ಹೂ ಬರೆದು ಕೊಡುತ್ತಾರೆ. ಅವರಿಗೆ ಹಾಳೆಯೇ ಸರಿ.

ಪೆನ್ನಿನ ವಿಷಯದಲ್ಲಿ ನಾನು ಪಟ್ಟ ಪಾಡು

ಬಟ್ಟೆ ಮೇಲೆ ಬರೆದು ಅಳಿಸುವ ಪೆನ್ನು ಮೂರು ಥರ. ನೇರಳೆ ಬಣ್ಣದ್ದು ಗಾಳಿಗೇ ಮಾಯವಾಗುತ್ತದೆ, ಒಂದೆರಡು ದಿನದಲ್ಲಿ. ಮನೆಗೆಲಸದ ನಡುವೆ ದಿನಕ್ಕೆ ಅರ್ಧ ಗಂಟೆ ಹೊಲಿಯುವವರಿಗೆ ಅದು ಬೇಡ, ಅಜ್ಜಿಯ ಮುಖ ಮುಗಿಯುವಷ್ಟರಲ್ಲಿ ಕಾಲು ಮಾಯವಾಗಿರುತ್ತದೆ. ಎರಡನೆಯದು ಬಿಸಿಗೆ ಅಳಿಯುವ ಪೆನ್ನು. ಸುಮಾರು 60 ಡಿಗ್ರಿ ಬಿಸಿಗೆ ಇದರ ಶಾಯಿ ಕಾಣದಾಗುತ್ತದೆ, ಇಸ್ತ್ರಿ ಆಡಿಸಿದರೆ ಸಾಕು. ಆದರೆ ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಇಂಥ ಬಟ್ಟೆ ಬಿಟ್ಟು ಬಂದರೆ ಇಸ್ತ್ರಿಯೇ ಬೇಕಾಗದಿರಬಹುದು, ಹೊಲಿಯುವ ಮುಂಚೆಯೇ ಗೆರೆ ಹೋಗಿರುತ್ತದೆ. ಮೂರನೆಯದು ನೀಲಿ ಪೆನ್ನು, ನೀರಿಗೆ ಅಳಿಯುವಂಥದ್ದು. ನಾನು ಬಳಸುವುದು ಇದನ್ನೇ.

ಇದಕ್ಕೊಂದು ನಿಯಮ ಇದೆ. ಮೊದಲು ತಣ್ಣೀರು, ಆಮೇಲೆ ಇಸ್ತ್ರಿ. ಎರಡನೇ ಸಲ ಹೊಲಿಯುವಾಗ ಬಟ್ಟೆ ಮುದುಡಿದೆ ಅಂತ ನಡುವೆಯೇ ಇಸ್ತ್ರಿ ಹಾಕಿಬಿಟ್ಟೆ. ನೀಲಿ ಗೆರೆ ಬಿಸಿಗೆ ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ಕೂತಿತು. ಎಷ್ಟು ತೊಳೆದರೂ ಹೋಗಲಿಲ್ಲ. ಸೋಪಿನ ನೀರಿಗೂ ಮೊದಲೇ ಹಾಕಬೇಡಿ, ಕೆಲವು ಶಾಯಿ ಅದರಲ್ಲೂ ಹಿಡಿದುಕೊಳ್ಳುತ್ತದೆ. ಸುಮ್ನೆ ಸಾದಾ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬಟ್ಟೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಒಂದು ಬೋಗುಣಿ ಫಿಲ್ಟರ್ ನೀರು ಸಾಕಲ್ಲ, ಅದನ್ನೇ ಬಳಸಿ. ಯಾವ ಪೆನ್ನಾದರೂ ಅದೇ ಬಟ್ಟೆಯ ಮೂಲೆಯಲ್ಲಿ ಗೆರೆ ಎಳೆದು, ಅಳಿಸಿ ನೋಡಿದ ಮೇಲೆಯೇ ಚಿತ್ರಕ್ಕೆ ಕೈ ಹಾಕಿ.

ಬಟ್ಟೆ

ಹೊಸಬರಿಗೆ ಬಿಳಿ ಅಥವಾ ಕೆನೆ ಬಣ್ಣದ ಕೇಸ್‌ಮೆಂಟ್ ಬಟ್ಟೆ. ದಪ್ಪವಿದೆ, ಎಳೆಯುವುದಿಲ್ಲ, ಹಿಂದಿನ ಗಂಟು ಮುಂದೆ ಕಾಣುವುದಿಲ್ಲ. ಹಳೆಯ ಕಾಟನ್ ಸೀರೆ ಅಥವಾ ಪಂಚೆಯೂ ಚೆನ್ನ, ಮೆತ್ತಗಿರುವುದರಿಂದ ಎರಡು ಪದರ ಮಾಡಿಕೊಳ್ಳಬೇಕು. ಯಾವುದಾದರೂ ಸರಿ, ಮೊದಲೇ ಒಗೆದು ಒಣಗಿಸಿ. ಹೊಸ ಕಾಟನ್ ಒಗೆದಾಗ ಕುಗ್ಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಚಿತ್ರದ ಸುತ್ತ ಸುಕ್ಕು ನಿಲ್ಲುತ್ತದೆ.

ಬಳ್ಳಾರಿ ಅಂದರೆ ಜೀನ್ಸ್. ಹಳೆಯ ಪ್ಯಾಂಟ್ ಇಲ್ಲದ ಮನೆಯಿಲ್ಲ. ಜೀನ್ಸ್ ಮೇಲೆ ಬಿಳಿ, ಹಳದಿ ದಾರದ ಚಿತ್ರ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ ಕಾಣುತ್ತದೆ, ಮಕ್ಕಳಿಗೆ ಅದು ತುಂಬಾ ಇಷ್ಟ. ಆದರೆ ಸೂಜಿ ನೂಕಿ ನೂಕಿ ಬೆರಳು ನೋಯುತ್ತದೆ. ಚಿತ್ರದಲ್ಲಿ ಗೆರೆ ಕಮ್ಮಿ ಇದ್ದರೆ ಮಾತ್ರ ಜೀನ್ಸ್ ಆರಿಸಿ. ಟೀ ಶರ್ಟ್ ಬಟ್ಟೆ ಎಳೆದರೆ ಹಿಗ್ಗುತ್ತದೆ. ಹಿಂದೆ ತೆಳು ಕಾಟನ್ ತುಂಡು ಸೇರಿಸದೆ ಹೊಲಿದರೆ ಚಿತ್ರ ಸೊಟ್ಟಾಗುತ್ತದೆ, ಮಗು ಬರೆದ ಸೊಟ್ಟ ಅಲ್ಲ ಅದು.

ಹೊಲಿಗೆ: ಯಾವ ಗೆರೆಗೆ ಯಾವುದು

ಮೊದಲು ನಮ್ಮ ನಾಡಿನ ಹೊಲಿಗೆಗಳ ಬಗ್ಗೆ. ಧಾರವಾಡ ಕಡೆಯ ಕಸೂತಿ ನನಗೆ ಪ್ರಾಣ. ಗವಂತಿ, ಮುರ್ಗಿ, ನೇಗಿ, ಮೆಂತ್ಯ, ಅದರ ನಾಲ್ಕೂ ಹೊಲಿಗೆ ಕಲಿತಿದ್ದೇನೆ. ಆದರೂ ಮಕ್ಕಳ ಚಿತ್ರಕ್ಕೆ ಅದು ಬೇಡ ಅಂತಲೇ ಹೇಳುತ್ತೇನೆ. ಕಸೂತಿಗೆ ಟ್ರೇಸಿಂಗ್ ಇಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುವುದು. ಗೆರೆ ಅಡ್ಡ ಹೋಗುತ್ತದೆ, ಉದ್ದ ಹೋಗುತ್ತದೆ, ಓರೆ ಹೋಗುತ್ತದೆ, ನಡುಗುತ್ತಾ ಹೋಗುವುದಿಲ್ಲ. ಗೋಪುರ, ರಥಕ್ಕೆ ಅದೇ ಸೊಬಗು. ಏಳು ವರ್ಷದವಳು ಬರೆದ ಅಜ್ಜಿ ಕಸೂತಿಯಲ್ಲಿ ಬಂದರೆ ಗೊಂಬೆಯಾಗುತ್ತಾಳೆ.

ನಮ್ಮ ಜಿಲ್ಲೆಯದೇ ಆದ ಸಂಡೂರಿನ ಲಂಬಾಣಿ ಕಸೂತಿಯ ಕಡೆ ನೋಡಿ. 2010ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ಲಂಬಾಣಿ ಕಸೂತಿಯ ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆಯೂ ಆಯಿತು. ಆ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರಲ್ಲೂ ಲೆಕ್ಕ ಇದೆ, ಚೌಕ, ತ್ರಿಕೋನ ಇವೆ. ಪೂರ್ತಿ ಆ ಶೈಲಿಯಲ್ಲಿ ಮಗುವಿನ ಚಿತ್ರ ಕೂರುವುದಿಲ್ಲ. ನಾನು ಅದರಿಂದ ತೆಗೆದುಕೊಳ್ಳುವುದು ಕನ್ನಡಿ ಒಂದನ್ನು. ಚಿತ್ರದಲ್ಲಿ ಸೂರ್ಯನೋ, ಬಾವಿಯೋ ಇದ್ದರೆ ಅಲ್ಲಿ ಒಂದೇ ಒಂದು ಕನ್ನಡಿ. ಅಂಟಿಸಿ ಬಿಡಬೇಡಿ, ಮೊದಲು ಮೇಲೆ ಅಡ್ಡಡ್ಡ ದಾರ ಕಟ್ಟಿ, ಆ ದಾರ ಹಿಡಿದು ಸುತ್ತ ಹೊಲಿದರೆ ಗಟ್ಟಿ ನಿಲ್ಲುತ್ತದೆ. ತಲೆದಿಂಬಿನ ಕವರಿಗೆ ಕನ್ನಡಿ ಬೇಡವೇ ಬೇಡ.

ಇನ್ನು ಗೆರೆಗೆ. ಪೆನ್ಸಿಲ್, ಸ್ಕೆಚ್ ಪೆನ್ ಗೆರೆಗೆ ಬ್ಯಾಕ್ ಸ್ಟಿಚ್, ಅಂದರೆ ಪ್ರತಿ ಸಲ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಮುಂದೆ ತೆಗೆಯುವ ಹೊಲಿಗೆ. ಆರು ಎಳೆಯ ದಾರದಲ್ಲಿ ಎರಡೇ ಎಳೆ ಬಿಡಿಸಿಕೊಂಡು, ನೇರ ಇರುವಲ್ಲಿ ಅಕ್ಕಿಕಾಳಿನಷ್ಟು, ತಿರುವಿನಲ್ಲಿ ಅದರ ಅರ್ಧದಷ್ಟು ಹೊಲಿಗೆ ಹಾಕಿ. ಗೆರೆ ಎಲ್ಲಿ ನಡುಗಿದೆಯೋ ಅಲ್ಲಿ ಬ್ಯಾಕ್ ಸ್ಟಿಚ್ ಕೂಡ ನಡುಗುತ್ತದೆ, ಅದಕ್ಕೇ ಅದು ನನಗೆ ಎಲ್ಲಕ್ಕಿಂತ ಹೆಚ್ಚು. ಸ್ಟೆಮ್ ಸ್ಟಿಚ್ ನೋಡಲು ಹಗ್ಗ ಹೊಸೆದ ಹಾಗೆ ಅಂದ, ಆದರೆ ಒಂದಕ್ಕೊಂದು ಒರಗಿಕೊಂಡು ಹೋಗುವುದರಿಂದ ಚಿಕ್ಕ ಚಿಕ್ಕ ಅಂಕುಡೊಂಕನ್ನು ನುಂಗಿಬಿಡುತ್ತದೆ. ಗುಡ್ಡದ ದೊಡ್ಡ ಬಾಗಿಗೆ ಇರಲಿ, ಬೆರಳಿಗೆ ಬೇಡ. ಸರಪಳಿ ಹೊಲಿಗೆ ಬೇಗ ಸಾಗುತ್ತದೆ, ದಪ್ಪ ಗೆರೆಗೆ ಸರಿ. ಚೂಪಾದ ಮೂಲೆ ಬಂದಾಗ ಅಲ್ಲಿಗೆ ಸರಪಳಿ ಮುಗಿಸಿ, ಹೊಸದಾಗಿ ಶುರು ಮಾಡಬೇಕು. ಇಲ್ಲವಾದರೆ ಮೂಲೆ ಗುಂಡಾಗುತ್ತದೆ.

ಕ್ರೇಯಾನ್ ಗೆರೆಗೆ ಜನ ಮರೆತಿರುವ ಒಂದು ಹೊಲಿಗೆ ಇದೆ, ಕೌಚಿಂಗ್. ದಪ್ಪ ದಾರವನ್ನೋ ಉಲ್ಲನ್ ನೂಲನ್ನೋ ಗೆರೆಯ ಮೇಲೆ ಸುಮ್ನೆ ಮಲಗಿಸಿ, ಅದೇ ಬಣ್ಣದ ತೆಳು ದಾರದಿಂದ ಅಲ್ಲಲ್ಲಿ ಕಟ್ಟುತ್ತಾ ಹೋಗುವುದು. ಮಗುವಿನ ಕೈ ಎತ್ತ ಹೋಗಿದೆಯೋ ನೂಲೂ ಅತ್ತ ಹೋಗುತ್ತದೆ. ಹೊಲಿಗೆ ಬಾರದವರೂ ಒಂದು ಸಂಜೆಯಲ್ಲಿ ಕಲಿಯಬಹುದು. ತೊಳೆಯುವಾಗ ಉಜ್ಜಬಾರದು ಅನ್ನುವುದೊಂದೇ ಕಷ್ಟ. ಹಾಗಾಗಿ ಇದು ಗೋಡೆಗೆ ಹಾಕುವ ಚಿತ್ರಕ್ಕೆ, ತೊಡುವ ಬಟ್ಟೆಗಲ್ಲ.

ಬಣ್ಣ ತುಂಬುವ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಮಗು ಗೀಚಿ ಬಣ್ಣ ತುಂಬಿದ್ದರೆ ನೀವೂ ಗೀಚಿದ ಹಾಗೇ ತುಂಬಿ. ನನ್ನ ಮಗಳು ನಮ್ಮತ್ತೆಯ ಸೀರೆಗೆ ಹಸಿರು ಕ್ರೇಯಾನ್‌ನಲ್ಲಿ ಮೇಲಿಂದ ಕೆಳಗೆ ಗೀಚಿದ್ದಳು, ಕೆಳಗೆ ಬಂದಂತೆ ಸುಸ್ತಾಗಿ ಗೆರೆ ದೂರ ದೂರ ಆಗಿದ್ದವು, ಎರಡು ಗೆರೆ ಸೀರೆ ದಾಟಿ ಒಲೆಯೊಳಗೆ ಹೋಗಿದ್ದವು. ಅದಕ್ಕೆ ದಾರವನ್ನು ಪಕ್ಕಪಕ್ಕ ಒತ್ತೊತ್ತಾಗಿ ಹಾಕಿ ಜಾಗ ಮುಚ್ಚುವ ಸ್ಯಾಟಿನ್ ಸ್ಟಿಚ್ ಹಾಕಿದ್ದರೆ ಫಳಫಳ ಹೊಳೆಯುವ ಸೀರೆ ಬರುತ್ತಿತ್ತು, ಅವಳ ಕೈ ಮಾತ್ರ ಅಲ್ಲಿ ಇರುತ್ತಿರಲಿಲ್ಲ. ಗೀಚಿದ ಒಂದೊಂದು ಗೆರೆಗೂ ಉದ್ದುದ್ದ ರನ್ನಿಂಗ್ ಸ್ಟಿಚ್ ಹಾಕಿದೆ. ಒಲೆಯೊಳಗೆ ಹೋದ ಎರಡನ್ನೂ ಬಿಡಲಿಲ್ಲ. ಸ್ಯಾಟಿನ್ ಬೇಕೇ ಬೇಕು ಅನ್ನಿಸಿದರೆ ಕುಂಕುಮ, ಗುಂಡಿ, ಹೂವಿನ ಎಸಳಿನಂಥ ಸಣ್ಣ ಜಾಗಕ್ಕೆ ಹಾಕಿ. ಒಂದು ಸೆಂಟಿಮೀಟರ್‌ಗಿಂತ ಉದ್ದದ ಸ್ಯಾಟಿನ್ ದಾರ ಬಳೆಗೆ, ಉಗುರಿಗೆ ಸಿಕ್ಕಿ ಎದ್ದು ಬರುತ್ತದೆ.

ದಾರ

ಕಾಟನ್ ದಾರ, ಆರು ಎಳೆಯದು. ಆಂಕರ್‌ನ ಒಂದು ಚಿಕ್ಕ ಕಟ್ಟಿನಲ್ಲಿ ಎಂಟು ಮೀಟರ್ ಇರುತ್ತದೆ, ಎರಡೆರಡು ಎಳೆಯಾಗಿ ಬಿಡಿಸಿದರೆ ಇಪ್ಪತ್ನಾಲ್ಕು ಮೀಟರ್ ಆಯಿತು. ಒಂದು ಗೇಣಿನ ಚಿತ್ರಕ್ಕೆ ಬಣ್ಣಕ್ಕೊಂದು ಕಟ್ಟು ಸಾಕು. ಹೊಳೆಯುವ ಸಿಲ್ಕ್ ಥ್ರೆಡ್ ರೀಲು ಸಿಗುತ್ತವೆ, ಅವು ಜಾರುತ್ತವೆ, ಸಿಕ್ಕಾಗುತ್ತವೆ. ಬೇಸಿಗೆಯಲ್ಲಿ ಬೆವರು ಕೈಗೆ ಇನ್ನೂ ಕಷ್ಟ.

ಬಣ್ಣ ಆರಿಸಲು ಅಂಗಡಿಗೆ ಮೂಲ ಚಿತ್ರದ ಬದಲು ಆ ಕ್ರೇಯಾನ್‌ಗಳನ್ನೇ ತೆಗೆದುಕೊಂಡು ಹೋಗಿ. ದಾರದ ಪಕ್ಕ ಕ್ರೇಯಾನ್ ಇಟ್ಟರೆ ತಕ್ಷಣ ಗೊತ್ತಾಗುತ್ತದೆ. ಆಕಾಶ ಗುಲಾಬಿ ಇದ್ದರೆ ಗುಲಾಬಿಯೇ. ಕೆಂಪು, ಕಡುನೀಲಿ ದಾರ ಬಣ್ಣ ಬಿಡುತ್ತಾ ಅಂತ ಒದ್ದೆ ಹತ್ತಿಯಲ್ಲಿ ಒತ್ತಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಬಿಳಿ ಬಟ್ಟೆಗೆ ಆ ದಾರ ಬೇಡ.

ಹೊಲಿದದ್ದು ಎಲ್ಲಿರಬೇಕು

ಗೋಡೆ ಮೇಲಾದರೆ, ಹೊಲಿಯುವಾಗ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗಿನಲ್ಲೇ ಬಿಟ್ಟು ತೂಗುಹಾಕಬಹುದು, ಖರ್ಚಿಲ್ಲ. ನಮ್ಮ ಕಡೆ ಧೂಳು ಜಾಸ್ತಿ, ತಿಂಗಳೊಪ್ಪತ್ತಿನಲ್ಲಿ ಬಿಳಿ ಬಟ್ಟೆ ಕೆಂಪಗಾಗುತ್ತದೆ. ಗಾಜಿನ ಫ್ರೇಮ್ ಹಾಕಿಸಿದರೆ ಬಹುಕಾಲ ಬರುತ್ತದೆ, ಬಿಸಿಲು ನೇರ ಬೀಳುವ ಗೋಡೆ ಮಾತ್ರ ಬೇಡ.

ನನಗೆ ಕೇಳಿದರೆ ಕೌದಿ. ವರ್ಷಕ್ಕೆ ಒಂದು ಚಿತ್ರ ಹೊಲಿದು ಇಟ್ಟುಕೊಂಡು ಬನ್ನಿ, ಎಲ್ಲವನ್ನೂ ಒಂದೇ ಅಳತೆಯ ಚೌಕದಲ್ಲಿ. ಒಂಬತ್ತಾದ ಮೇಲೆ ಜೋಡಿಸಿ, ಹಿಂದೆ ಹಳೆಯ ಸೀರೆಗಳ ಪದರ ಕೊಟ್ಟು, ಕೌದಿಯ ರನ್ನಿಂಗ್ ಹೊಲಿಗೆಯನ್ನು ಚಿತ್ರದ ಸುತ್ತ ಬಳಸಿಕೊಂಡು ಹೋಗುವಂತೆ ಹಾಕಿ. ಚಿತ್ರದ ಮೇಲೆ ಹಾಯಿಸಬೇಡಿ. ಕೌದಿಗೆ ಹೋಗುವ ಚಿತ್ರವಾದರೆ ಬ್ಯಾಕ್ ಸ್ಟಿಚ್ಚೇ ಗಟ್ಟಿ, ಒಗೆದರೂ ಹೊದ್ದರೂ ಅಲುಗುವುದಿಲ್ಲ. ನನ್ನ ಹತ್ತಿರ ಈಗ ನಾಲ್ಕು ಚೌಕ ಇವೆ. ಪದರಕ್ಕೆ ಅಂತ ನಮ್ಮತ್ತೆ ತಮ್ಮ ಎರಡು ಸೀರೆ ತೆಗೆದಿಟ್ಟಿದ್ದಾರೆ.

ಪ್ರತಿ ಚೌಕದ ಹಿಂದೆ ಒಂದು ಬಿಳಿ ಪಟ್ಟಿ ಹೊಲಿದು, ಮಗುವಿನ ವಯಸ್ಸು, ತಿಂಗಳು, ಮತ್ತೆ ಚಿತ್ರದ ಬಗ್ಗೆ ಮಗು ಹೇಳಿದ ಒಂದು ಮಾತು ಬರೆದಿಡಿ. ಅಜ್ಜಿಯ ಚೌಕಕ್ಕೆ ಆ ಆರು ಗೆರೆಗಳನ್ನು ಆಮೇಲೆ ಸೇರಿಸಿದೆ. ಕೆಂಪು ದಾರ, ಎರಡೆಳೆ. ಎಲ್ಲಿ ಬರಬೇಕು ಅಂತ ಪೆನ್ನು ಹಿಡಿದು ಗುರುತು ಹಾಕಿದ್ದು ಅವಳೇ. ಈ ಸಲ ಏಳು ಹಾಕಿದಳು, ಏಳನ್ನೂ ಹೊಲಿದೆ.